ಆಟಿ (ಜುಲೈ-ಆಗಸ್ಟ್) ಮಳೆಗೆ ಹಲಸಿನ ಹಪ್ಪಳ ಮೆತ್ತಗಾಗ್ತಿದೆ, ಯಾವ ಪೌಚ್ ತಗೊಳ್ಳಲಿ?

ಹಪ್ಪಳದಕ್ಕ, ಬ್ರಹ್ಮಾವರ
ಏಪ್ರಿಲ್‌ನಲ್ಲಿ ಅತ್ತಿಗೆ ಜೊತೆ ಕೂತು 600 ಹಲಸಿನ ಹಪ್ಪಳ ಒತ್ತಿದ್ದೆ. ಅಂಗಳದಲ್ಲಿ ಚಾಪೆ ಹಾಸಿ ಮೂರು ಬಿಸಿಲು ಒಣಗಿಸಿ, ಸಂಜೆಯೇ 25ರಂತೆ ಜಿಪ್ ಇರುವ ಕಂದು ಕಾಗದದ ಪೌಚ್‌ಗೆ ತುಂಬಿದೆ. ನೋಡಲು ಚಂದ, ಎದುರು ಸಣ್ಣ ಕಿಟಕಿಯೂ ಉಂಟು. ಆಟಿ ಬರುವಷ್ಟರಲ್ಲಿ ಮುರಿದರೆ ಟಪ್ ಅನ್ನುವುದಿಲ್ಲ, ಚಪಾತಿ ಹಾಗೆ ಬಾಗುತ್ತದೆ. ಎರಡು ಕಟ್ಟಿಗೆ ಬೂಸ್ಟು ಬಂದಿದೆ. ಬೆಂಗಳೂರಿನ ಮಗಳಿಗೆ ಕಳಿಸಿದ್ದು ಮಾತ್ರ ಚೆನ್ನಾಗಿಯೇ ಉಂಟಂತೆ! ಅಂಗಡಿಯವರು ಏರ್‌ಟೈಟ್ ಅಂತಲೇ ಕೊಟ್ಟದ್ದು. ಇನ್ನು ಗಾಳಿ ಎಳೆದು ಪ್ಯಾಕ್ ಮಾಡುವ ವ್ಯಾಕ್ಯೂಮ್ ಮೆಷಿನ್ ತಗೊಳ್ಳಬೇಕಾ?

ಸಾರಿನಪುಡಿ, ಮಂಗಳೂರು
ಅಕ್ಕ, ಜಿಪ್ ಇರುವುದು ಗಿರಾಕಿ ಒಮ್ಮೆ ಬಿಡಿಸಿದ ಮೇಲೆ ಮುಚ್ಚಿಡಲಿಕ್ಕೆ ಮಾರಾಯ್ರೆ. ಮಳೆಗಾಲ ಕಳೆಯಲಿಕ್ಕೆ ಅದೊಂದೇ ಸಾಲದು. ಜಿಪ್‌ನ ಮೇಲೆ ಒಂದು ಇಂಚು ಬಿಟ್ಟು ಬಿಸಿಯಲ್ಲಿ ಅಂಟಿಸುವ ಹೀಟ್ ಸೀಲ್ ಹಾಕಿ, ಕೈಯಲ್ಲಿ ಒತ್ತುವ ಸಣ್ಣ ಸೀಲರ್ ಸಾಕು. ಇನ್ನೊಂದು, ಬರೀ ಕಾಗದ ತೇವ ತಡೆಯುವುದಿಲ್ಲ, ತಡೆಯುವುದು ಒಳಗಿನ ಪದರ. ತೆಳು ಪ್ಲಾಸ್ಟಿಕ್ ಪದರದಲ್ಲಿ ತೇವ ನಿಧಾನಕ್ಕೆ, ಗಾಳಿ ಮತ್ತು ವಾಸನೆ ಇನ್ನೂ ಬೇಗ ದಾಟುತ್ತದೆ. ನನ್ನ ಸಾರಿನ ಪುಡಿ ಪಕ್ಕ ಒಣಮೀನು ಇಟ್ಟು ನಾನು ಅನುಭವಿಸಿದ್ದೇನೆ, ಹೇಳುವುದು ಬೇಡ. ಒಳಗೆ ಅಲ್ಯೂಮಿನಿಯಂ ಫಾಯಿಲ್ ಇರುವ ಪೌಚ್ ಕೇಳಿ. ಕಿಟಕಿ ಸಿಗುವುದಿಲ್ಲ, ಹೋಗಲಿ.

ಮೊದಲು ಒಂದು ಪರೀಕ್ಷೆ: ಖಾಲಿ ಪೌಚ್‌ನಲ್ಲಿ ಗಾಳಿ ತುಂಬಿ ಜಿಪ್ ಹಾಕಿ ಬಕೆಟ್ ನೀರಲ್ಲಿ ಅದುಮಿ. ಜಿಪ್‌ನ ಎರಡು ತುದಿಯಲ್ಲಿ ಗುಳ್ಳೆ ಬರುತ್ತದಾ ನೋಡಿ, ಬಂದರೆ ಸೋರುತ್ತದೆ ಅಂತಲೇ.

ಮಲ್ಪೆ ಭಾವ
ವ್ಯಾಕ್ಯೂಮ್ ಬೇಡ. ಹಪ್ಪಳದ ಅಂಚು ಕವರನ್ನೇ ಚುಚ್ಚುತ್ತದೆ, ಇಲ್ಲವೇ ಹಪ್ಪಳ ಪುಡಿ. ಬಿಸಿಲಿಂದ ತಂದ ಬಿಸಿಯಲ್ಲೇ ತುಂಬಿದ್ದೀರಾ? ಹಾಗಾದರೆ ಒಳಗೇ ಬೆವರುತ್ತದೆ. ಆರಿಸಿ ತುಂಬಿ, ಆದರೆ ರಾತ್ರಿಯಿಡೀ ಹೊರಗೆ ಬಿಡಬೇಡಿ. ತೇವ ಹೀರುವ ಸಿಲಿಕಾ ಜೆಲ್ ಹಾಕುವುದಾದರೆ ಆಹಾರಕ್ಕೆಂದೇ ಮಾಡಿದ ಬಿಳಿ ಪೊಟ್ಟಣ, ನೀಲಿ ಮಣಿಯದ್ದು ಬೇಡವೇ ಬೇಡ. ಅರೆ ಒಣಗಿದ ಹಪ್ಪಳವನ್ನು ಅದು ಒಣಗಿಸಿ ಕೊಡುತ್ತದೆ ಅಂದುಕೊಳ್ಳಬೇಡಿ ಮತ್ತೆ. 25ರ ಕಟ್ಟೂ ಜಾಸ್ತಿ ಆಯ್ತು. ನಮ್ಮಲ್ಲಿ ಒಂದು ಹೊತ್ತಿಗೆ ಆರು ಹುರಿದರೆ ಮುಗಿಯಿತು, ಉಳಿದದ್ದಕ್ಕೆ ದಿನಾ ಮಳೆಗಾಳಿ. 10ರ ಕಟ್ಟು ಮಾಡಿ.

ಹಪ್ಪಳದಕ್ಕ, ಬ್ರಹ್ಮಾವರ
ಬಿಸಿಯಲ್ಲೇ ತುಂಬಿದ್ದು ಹೌದು. ಬೆಳಿಗ್ಗೆ ಬಕೆಟ್ ಪರೀಕ್ಷೆಯೂ ಆಯ್ತು. ಹೊಸ ಪೌಚ್‌ನಲ್ಲಿ ಎಡತುದಿಯಿಂದ ಒಂದೊಂದೇ ಗುಳ್ಳೆ. ಹಪ್ಪಳ ತುಂಬಿದ್ದ ಪೌಚ್‌ನಲ್ಲಂತೂ ಸಾಲುಸಾಲು! ಬೆಳಕಿಗೆ ಹಿಡಿದು ನೋಡಿದರೆ ಜಿಪ್‌ನ ಗೀರಿನಲ್ಲಿ ಹಪ್ಪಳದ ಹುಡಿ ಮತ್ತು ಒಂದು ಜೀರಿಗೆ ಕೂತಿದೆ. ಆ ಜೀರಿಗೆಯನ್ನು ಅತ್ತಿಗೆಗೆ ತೋರಿಸಿದೆ, "ನಾನು ಹಾಕಿದ್ದಲ್ಲ" ಅಂದಳು. ಫಾಯಿಲ್ ಪೌಚ್ ಸದ್ಯಕ್ಕೆ 50 ಮಾತ್ರ ತರಿಸುತ್ತೇನೆ.