ಪಾರ್ಸೆಲ್: ಲ್ಯಾಪ್‌ಟಾಪ್‌ನಲ್ಲಿ ಸರಿ, ಗಿಟ್‌ಹಬ್ ಪೇಜಸ್‌ನಲ್ಲಿ ಬರೀ ಬಿಳಿ ಪುಟ

ಅಡಿಕೆ_ಲೆಕ್ಕ:
ನಮಸ್ಕಾರ. ಆಫೀಸಿನಲ್ಲಿ ನಾನು ಬರೆಯುವುದು ಜಾವಾ. ಮನೆಯಲ್ಲಿ ಅಪ್ಪನಿಗೋಸ್ಕರ ಒಂದು ಚಿಕ್ಕ ಪುಟ ಮಾಡುತ್ತಿದ್ದೇನೆ. ಅಡಿಕೆ ಮಂಡಿಗೆ ಹಾಕುವಾಗ ತೂಕ, ಕ್ವಿಂಟಲ್ ದರ ಒತ್ತಿದರೆ ಸಾಕು, ಚೀಲದ ತೂಕ ಕಳೆದು ಎಷ್ಟು ದುಡ್ಡು ಬರಬೇಕು ಅಂತ ತೋರಿಸಬೇಕು. ರಾಶಿ, ಬೆಟ್ಟೆ, ಗೊರಬಲು, ಸರಕು, ಅಡಿಕೆಯ ಈ ನಾಲ್ಕೂ ಬಗೆಗೆ ಒಂದೊಂದು ಫೋಟೊ. ಅಷ್ಟೇ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ವೆಬ್‌ಪ್ಯಾಕ್‌ನ (ಕೋಡ್ ಫೈಲುಗಳನ್ನು ಒಟ್ಟುಗೂಡಿಸಿ ಬ್ರೌಸರ್‌ಗೆ ಸಿದ್ಧ ಮಾಡುವ, ಅಂದರೆ ‘ಬಿಲ್ಡ್’ ಮಾಡುವ ಸಾಧನ) ಒಂದು ಕಾನ್ಫಿಗ್, ಅಂದರೆ ಸೆಟ್ಟಿಂಗ್ ಫೈಲ್ ಇತ್ತು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಮುಟ್ಟಿದರೆ ಬಿಲ್ಡ್ ಬೀಳುತ್ತೆ ಅಂತ ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ. ಆ ಹೆದರಿಕೆಗೇ ಈ ಸಲ, ಅದೇ ಕೆಲಸವನ್ನು ಕಾನ್ಫಿಗ್ ಇಲ್ಲದೆ ಮಾಡುವ ಪಾರ್ಸೆಲ್ ಹಿಡಿದೆ.

ಶುರುವಿನಲ್ಲಿ ಖುಷಿಯಾಯಿತು. ‘ಎನ್‌ಪಿಎಕ್ಸ್ ಪಾರ್ಸೆಲ್ ಇಂಡೆಕ್ಸ್.ಎಚ್‌ಟಿಎಂಎಲ್’ ಅಂತ ಟರ್ಮಿನಲ್‌ನಲ್ಲಿ ಹೊಡೆದೆ, ಲ್ಯಾಪ್‌ಟಾಪ್‌ನಲ್ಲೇ 1234 ಪೋರ್ಟ್‌ನಲ್ಲಿ ಪುಟ ಎದ್ದು ನಿಂತಿತು. ಸಾಸ್ (ಪುಟದ ಅಂದಚಂದ ಬರೆಯುವ ಭಾಷೆ) ಫೈಲ್ ಒಂದು ಸೇರಿಸಿದರೆ ಅದಕ್ಕೆ ಬೇಕಾದ ಪ್ಲಗಿನ್ ತಾನೇ ಇನ್‌ಸ್ಟಾಲ್ ಮಾಡಿಕೊಂಡಿತು. ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಟೈಪ್ ಮಾಡ್ಯೂಲ್ ಅಂತ ಹಾಕಿರಲಿಲ್ಲ, ಎರರ್ ಜೊತೆಗೇ ಅದನ್ನೂ ಹೇಳಿತು.

ಬಿಲ್ಡ್ ಮಾಡಲು ಹೋದಾಗ ಮಾತ್ರ ‘ಮೇನ್’ ಟಾರ್ಗೆಟ್‌ಗೆ ಎಚ್‌ಟಿಎಂಎಲ್ ಹೊಂದಲ್ಲ ಅಂತ ತಗಾದೆ. ಪ್ರಾಜೆಕ್ಟಿನ ವಿವರ ಇರುವ ಪ್ಯಾಕೇಜ್.ಜೇಸನ್‌ನಿಂದ ‘ಮೇನ್’ ಸಾಲು ಕಿತ್ತು ಹಾಕಿದೆ, ಬಿಲ್ಡ್ ಆಯಿತು. ಯಾಕೆ ಆಯಿತೋ ಗೊತ್ತಿಲ್ಲ. ಆಮೇಲೆ ಬಿಲ್ಡ್ ಆದ ಫೈಲುಗಳಿರುವ ಡಿಸ್ಟ್ ಫೋಲ್ಡರನ್ನು ಗಿಟ್‌ಹಬ್ ಪೇಜಸ್‌ಗೆ (ಪುಟಗಳನ್ನು ನೆಟ್ಟಿಗೆ ಹಾಕುವ ಗಿಟ್‌ಹಬ್ ಸೇವೆ) ಏರಿಸಿದೆ. ಬಿಳಿ ಪುಟ. ಬ್ರೌಸರ್ ಕನ್ಸೋಲ್ ತುಂಬಾ 404, ಅಂದರೆ ಫೈಲ್ ಸಿಗಲಿಲ್ಲ ಅನ್ನುವ ಎರರ್. ಇನ್ನೊಂದು, ಎಚ್‌ಟಿಎಂಎಲ್‌ನಲ್ಲಿ ಹಾಕಿದ ರಾಶಿ ಫೋಟೊ ಮಾತ್ರ ಡಿಸ್ಟ್‌ನಲ್ಲಿದೆ, ಉಳಿದ ಮೂರೂ ಇಲ್ಲ. ಅವುಗಳ ಹೆಸರು ಜಾವಾಸ್ಕ್ರಿಪ್ಟ್ ಒಳಗೆ ಸ್ಟ್ರಿಂಗ್ ಆಗಿವೆ. ಕೊನೆಗೂ ಕಾನ್ಫಿಗ್ ಬರೆಯಲೇಬೇಕಾ?

ಸಂಜೆ_ಕೋಡು:
ಬೇಡ. ‘ಮೇನ್’ ಕಥೆ ಮೊದಲು. ಪ್ರಾಜೆಕ್ಟ್ ಶುರುಮಾಡುವ ‘ಎನ್‌ಪಿಎಂ ಇನಿಟ್’ ಕಮಾಂಡ್ ಸುಮ್ನೆ ಆ ಸಾಲು ತುಂಬಿಸಿಬಿಡುತ್ತೆ. ಪಾರ್ಸೆಲ್ 2 ಅದನ್ನು ನೋಡಿ, ಇವರು ಲೈಬ್ರರಿ ಮಾಡುತ್ತಿದ್ದಾರೆ, ಔಟ್‌ಪುಟ್ ಜಾವಾಸ್ಕ್ರಿಪ್ಟ್ ಫೈಲ್ ಅಂದುಕೊಳ್ಳುತ್ತೆ. ನೀವು ಕೊಟ್ಟಿದ್ದು ಎಚ್‌ಟಿಎಂಎಲ್. ಕಾನ್ಫಿಗ್ ಬೇಡ ಅಂದರೆ ಅದು ಪ್ಯಾಕೇಜ್.ಜೇಸನ್ ಕೂಡ ಓದಲ್ಲ ಅಂತ ಅಲ್ಲ. ಓದಿಯೇ ಊಹೆ ಮಾಡುತ್ತೆ.

ಬಿಳಿ ಪುಟಕ್ಕೆ ಕಾರಣ ಒಂದು ಓರೆ ಗೆರೆ. ಡಿಸ್ಟ್ ಒಳಗಿನ ಇಂಡೆಕ್ಸ್ ತೆರೆದು ಸ್ಕ್ರಿಪ್ಟ್ ಸಾಲು ನೋಡಿ, ವಿಳಾಸ ‘/’ ಇಂದ ಶುರುವಾಗಿರುತ್ತೆ. ಅಂದರೆ ಸೈಟಿನ ಬುಡದಿಂದ ಹುಡುಕು ಅಂತ. ನಿಮ್ಮ ಪುಟ ಇರುವುದು ರೆಪೊ (ಗಿಟ್‌ಹಬ್‌ನಲ್ಲಿ ನಿಮ್ಮ ಪ್ರಾಜೆಕ್ಟಿನ ಜಾಗ) ಹೆಸರಿನ ಒಳಗೆ. ಹೀಗೆ ಬಿಲ್ಡ್ ಮಾಡಿ:

ಎನ್‌ಪಿಎಕ್ಸ್ ಪಾರ್ಸೆಲ್ ಬಿಲ್ಡ್ ಇಂಡೆಕ್ಸ್.ಎಚ್‌ಟಿಎಂಎಲ್ --ಪಬ್ಲಿಕ್-ಯುಆರ್‌ಎಲ್ ./

ಅದಕ್ಕೆ ಮೊದಲು ಡಿಸ್ಟ್ ಅಳಿಸಿ. ಹೆಸರಿನಲ್ಲಿ ಹಳೇ ಹ್ಯಾಶ್ (ಬಿಲ್ಡ್ ಆಗುವಾಗ ಸೇರುವ ಗುರುತಿನ ಅಕ್ಷರಗಳು) ಇರುವ ಫೈಲುಗಳನ್ನು ಪಾರ್ಸೆಲ್ ತಾನಾಗಿ ತೆಗೆಯಲ್ಲ, ರಾಶಿ ಬೀಳುತ್ತವೆ (ಅಡಿಕೆ ರಾಶಿ ಅಲ್ಲ!).

ಫೋಟೊ ವಿಷಯ: ಸ್ಟ್ರಿಂಗ್ ಒಳಗಿರುವುದು ಫೈಲ್ ಹೆಸರು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ‘ನ್ಯೂ ಯುಆರ್‌ಎಲ್’ ಒಳಗೆ ಫೋಟೊ ದಾರಿ, ಎರಡನೆಯದಾಗಿ ‘ಇಂಪೋರ್ಟ್.ಮೆಟಾ.ಯುಆರ್‌ಎಲ್’ ಕೊಡಿ. ಹೆಸರನ್ನು ಪೂರ್ತಿ ಬರೆಯಬೇಕು. ‘ಬೆಟ್ಟೆ’ಗೆ ‘.ಜೆಪಿಜಿ’ ಕೂಡಿಸಿ ಕೊಟ್ಟರೆ ಆಗಲ್ಲ. ಮೂರು ಫೋಟೊ, ಮೂರು ಸಾಲು.

ಹಳೇ_ಟರ್ಮಿನಲ್:
ಒಂದು ಮಾತು. ಪಾಠ ಎಲ್ಲಿಂದಲೋ ನೋಡಿ ಮಾಡುತ್ತಿದ್ದರೆ ಅದು ಯಾವ ಕಾಲದ್ದು ನೋಡಿಕೊಳ್ಳಿ. 2017ರ ಡಿಸೆಂಬರ್‌ನಲ್ಲಿ ಡೆವನ್ ಗೋವೆಟ್ ಪಾರ್ಸೆಲ್ ಬಿಡುಗಡೆ ಮಾಡಿದಾಗ ಪ್ಯಾಕೇಜ್ ಹೆಸರು ‘ಪಾರ್ಸೆಲ್-ಬಂಡ್ಲರ್’. ಎರಡನೇ ಆವೃತ್ತಿ 2021ರಲ್ಲಿ ಬಂತು, ಹೆಸರು ಬರೀ ‘ಪಾರ್ಸೆಲ್’. ಹಳೇ ಬರಹಗಳಲ್ಲಿ ಟೈಪ್ ಮಾಡ್ಯೂಲ್ ಇರಲ್ಲ, ನೀವು ಎಡವಿದ್ದು ಅದಕ್ಕೇ ಇರಬೇಕು.

ನಾನಾದರೆ ಈಗ ಇದೇ ಥರದ ಇನ್ನೊಂದು ಸಾಧನ, ವೀಟ್ ಹಿಡಿಯುತ್ತಿದ್ದೆ. ಆದರೆ ಗಿಟ್‌ಹಬ್ ಪೇಜಸ್‌ನ ಈ ಓರೆ ಗೆರೆ ಗೋಳು ಅಲ್ಲೂ ಇದೆ, ಅಲ್ಲಿ ಅದರ ಹೆಸರು ‘ಬೇಸ್’. ಸುಮ್ನೆ ಬದಲಾಯಿಸಬೇಡಿ.

ಅಡಿಕೆ_ಲೆಕ್ಕ:
ಪುಟ ಬಂತು, ನಾಲ್ಕೂ ಫೋಟೊ ಬಂದವು! ಇಬ್ಬರಿಗೂ ಥ್ಯಾಂಕ್ಸ್. ಪಾಠ 2018ರದ್ದೇ ಆಗಿತ್ತು.

ಮಜಾ ಏನಂದರೆ ಅಪ್ಪನ ಹಳೇ ಮೊಬೈಲಿನಲ್ಲಿ ಬಟನ್ ಒತ್ತಿದರೆ ಏನೂ ಆಗಲಿಲ್ಲ. ಅದರಲ್ಲಿರುವುದು ಕ್ರೋಮ್ 76. ನಾನು ಕೋಡಿನಲ್ಲಿ ಬರೆದ ಪ್ರಶ್ನೆಗುರುತು-ಚುಕ್ಕಿ (‘?.’) ಅದಕ್ಕೆ ಅರ್ಥವಾಗಲ್ಲ, 80ರಿಂದ ಮೇಲೆ ಬೇಕು. ಹಳೇ ಬ್ರೌಸರ್ ಯಾವುದು ಅಂತ ಹೇಳದಿದ್ದರೆ ಪಾರ್ಸೆಲ್ 2 ಹೊಸ ಕೋಡನ್ನು ಹಾಗೇ ಬಿಡುತ್ತೆ ಅಂತ ಈಗ ಓದಿದೆ. ಪ್ಯಾಕೇಜ್.ಜೇಸನ್‌ನಲ್ಲಿ ‘ಬ್ರೌಸರ್ಸ್‌ಲಿಸ್ಟ್’ಗೆ ‘ಕ್ರೋಮ್ >= 70’ ಅಂತ ಒಂದು ಸಾಲು ಹಾಕಿದೆ, ಸರಿಹೋಯಿತು. ನಾನು ಬರೆದ ಕಾನ್ಫಿಗ್ ಅದೊಂದೇ.

ಅಪ್ಪ ಲೆಕ್ಕ ನೋಡಲೇ ಇಲ್ಲ. ಫೋಟೊ ನೋಡಿ, ‘ಇದು ಗೊರಬಲು ಅಲ್ಲ ಮಾರಾಯ, ಬೆಟ್ಟೆ’ ಅಂದರು. ಎರಡು ಫೈಲಿನ ಹೆಸರು ಅದಲುಬದಲಾಗಿದೆ. ಸರಿಮಾಡಿ ಇವತ್ತು ರಾತ್ರಿ ಮತ್ತೆ ಏರಿಸುತ್ತೇನೆ.