ಫ್ಯಾನ್ ಪ್ಯಾಡ್ ಪಾಲಿಹೌಸ್ ಕರೆಂಟ್ ಬಿಲ್ ತಲೆ ಕೆಡ್ಸಿದೆ, ಯಾರಾದ್ರೂ ಹೇಳ್ರಪ್ಪ

ಜರ್ಬೆರಾ ದೊಡ್ಡಬಳ್ಳಾಪುರ:
ಒಂದ್ ಕಡೆ ಒದ್ದೆ ಪ್ಯಾಡು, ಎದುರು ಕಡೆ ಫ್ಯಾನು, ಪ್ಯಾಡ್ ಮೂಲಕ ತಣ್ಣಗೆ ಗಾಳಿ ಎಳೆಯೋ ಪಾಲಿಹೌಸ್ ನಮ್ದು. ಹೋದ್ ವರ್ಷ ಏಪ್ರಿಲ್‌ಗೆ 2100 ಯೂನಿಟ್ ಇತ್ತು ಈ ಸಲ 3900. ಗಿಡ ಅಷ್ಟೇ ಫ್ಯಾನ್ ಅಷ್ಟೇ, ಮೀಟರ್ ಚೆಕ್ ಮಾಡ್ಸಿ ಆಯ್ತು ಸರಿ ಇದೆಯಂತೆ, ಹೂವಿನ ರೇಟ್ ನೋಡಿದ್ರೆ ಬಿಲ್ಲಿಗೇ ಸಾಲಲ್ಲ. ಏನ್ ಮಾಡ್ಲಿ

ಮೋಟಾರ್ ಮಾವ:
ಕೆಪಾಸಿಟರ್ ಹೋಗಿದೆ. ಬದಲಾಯ್ಸು.

ಕೋಲಾರ ಕ್ಯಾಪ್ಸಿಕಂ:
ಎಷ್ಟು ಗುಂಟೆ, ಎಷ್ಟು ಫ್ಯಾನ್, ಎಷ್ಟು ಡಿಗ್ರಿಗೆ ಸೆಟ್ ಮಾಡಿದೀಯ ಏನೂ ಹೇಳ್ದೆ ಹೆಂಗ್ ಗುರು

ಜರ್ಬೆರಾ ದೊಡ್ಡಬಳ್ಳಾಪುರ:
20 ಗುಂಟೆ, 50 ಇಂಚಿಂದು 12, ಒಂದೂವರೆ ಎಚ್‌ಪಿ. ಥರ್ಮೋಸ್ಟಾಟ್ 28ಕ್ಕಿದೆ. ಕೆಪಾಸಿಟರ್ ಹೊಸದು ಹಾಕ್ಸಿ ವಾರ ಆಯ್ತು, ಮೀಟರ್ ಓಟ ಅಷ್ಟೇ ಇದೆ

ಮೋಟಾರ್ ಮಾವ:
ಲೋಕಲ್ ಮಾಲ್ ಹಾಕ್ಸಿರ್ತೀಯ. ಪವರ್ ಫ್ಯಾಕ್ಟರ್ ಎಷ್ಟು ತೋರಿಸ್ತಿದೆ ಅದ್ ಹೇಳು ಮೊದ್ಲು

ಕೋಲಾರ ಕ್ಯಾಪ್ಸಿಕಂ:
ಮಾವ, ಪವರ್ ಫ್ಯಾಕ್ಟರ್ ಕಮ್ಮಿ ಇದ್ರೆ ಬೀಳೋ ದಂಡ ಕೆಪಾಸಿಟರಿಂದ ಉಳಿಯುತ್ತೆ, ಅವ್ನಿಗೆ ಏರಿರೋದು ಯೂನಿಟ್ಟು. ಎರಡೂ ಒಂದೇನಾ?

ಮೋಟಾರ್ ಮಾವ:
30 ವರ್ಷ ಮೋಟಾರ್ ಸುತ್ತಿದೀನಿ ನಾನು, ನೀನ್ ಹೇಳಿ ಕಲೀಬೇಕಾ

ಹೊಸಕೋಟೆ ರೋಸ್:
ಇವೆಲ್ಲ ಬಿಟ್ಟು ವಿಎಫ್‌ಡಿ (ಮೋಟಾರ್ ಸ್ಪೀಡ್ ಇಳ್ಸೋ ಪ್ಯಾನೆಲ್ಲು) ಹಾಕಿ ಸಾರ್. ನಾನು ಸ್ಪೀಡ್ 80 ಪರ್ಸೆಂಟ್‌ಗೆ ಇಳ್ಸಿದೀನಿ, ಫ್ಯಾನ್ ಎಳೆಯೋ ಕರೆಂಟು ಹೆಚ್ಚುಕಮ್ಮಿ ಅರ್ಧಕ್ಕೆ ಬಂತು, ಪ್ಯಾನೆಲ್ಲು ಫೋನಲ್ಲೇ ನೋಡ್ಬೋದು, ರಾತ್ರಿ ಮಲ್ಕೊಂಡೇ ನೋಡ್ತೀನಿ

ಕೋಲಾರ ಕ್ಯಾಪ್ಸಿಕಂ:
ಆ ಸ್ಪೀಡಲ್ಲಿ ಫ್ಯಾನಿನ ಶಟರ್ ಪೂರ್ತಿ ತೆಗಿಯುತ್ತಾ ಅದನ್ನೂ ಮಲ್ಕೊಂಡೇ ನೋಡಿ. @ಜರ್ಬೆರಾ, ಪ್ಯಾಡ್ ಫೋಟೋ ಹಾಕು. ನಮ್ಮ್ ಬೋರ್ ನೀರಿಗೆ ಉಪ್ಪು ಕಟ್ಕೊಂಡು ಎರಡೇ ವರ್ಷಕ್ಕೆ ಕಲ್ಲಾಗಿತ್ತು

ಜರ್ಬೆರಾ ದೊಡ್ಡಬಳ್ಳಾಪುರ:
ಪ್ಯಾಡ್ ಜನವರೀಲಿ ಹೊಸದು ಹಾಕ್ಸಿದ್ದು, ಎಲ್ಲಾ ಕಡೆ ಚೆನ್ನಾಗ್ ನೆನೀತಿದೆ. ಆದ್ರೂ ಮಧ್ಯಾಹ್ನ ಒಳಗೆ 31, 32. ಸಂಜೆ ಏಳರವರೆಗೂ 12 ಫ್ಯಾನೂ ನಿಲ್ಲಲ್ಲ

ನೆರಳುಬಲೆ:
ಪ್ಯಾಡ್ ಚೆನ್ನಾಗಿದ್ದು ಏಪ್ರಿಲ್ ಒಣಗಾಳೀಲಿ 28ಕ್ಕೆ ಇಳೀತಿಲ್ಲ ಅಂದ್ರೆ ಗಾಳಿ ಪ್ಯಾಡ್ ಕಡೆಯಿಂದ ಬರ್ತಾನೇ ಇಲ್ಲ. ಥರ್ಮೋಸ್ಟಾಟ್ ಕಟ್ ಆಗೋದು ಹೆಂಗೆ. ಫ್ಯಾನ್ ಪಕ್ಕ ಎಲ್ಲಾದ್ರೂ ಶೀಟ್ ಹರ್ದಿದ್ಯಾ? ಊದುಬತ್ತಿ ಹಚ್ಕೊಂಡು ಹೊರಗಿಂದ ಒಂದ್ ಸುತ್ತು ಬನ್ನಿ, ಹೊಗೆ ಎಲ್ಲಿ ಒಳಗೆ ಎಳ್ಕೊಳುತ್ತೋ ಅಲ್ಲೇ

ಜರ್ಬೆರಾ ದೊಡ್ಡಬಳ್ಳಾಪುರ:
ಶೀಟ್ ಎಲ್ಲೂ ಹರ್ದಿಲ್ಲ. ಫ್ಯಾನ್ ಕಡೆ ಬಾಗ್ಲೊಂದು ತೆಗ್ದಿರುತ್ತೆ ಅಷ್ಟೇ, ಹೂವಿನ ಬಕೆಟ್ ಸಾಗ್ಸೋಕೆ ಅಂತ ದೀಪಾವಳಿ ಆದ್ಮೇಲೆ ಮಾಡ್ಸಿದ್ದು

ಕೋಲಾರ ಕ್ಯಾಪ್ಸಿಕಂ:
ಅಯ್ಯೋ ಪುಣ್ಯಾತ್ಮ. ಇಷ್ಟು ದಿನ ಇದನ್ನ ಬಾಯಿ ಬಿಟ್ಟು ಹೇಳೋಕ್ ಆಗ್ಲಿಲ್ವಾ

ನೆರಳುಬಲೆ:
ಫ್ಯಾನ್‌ಗೆ ಹತ್ರದ ದಾರಿ ಸಿಕ್ಕಿದ್ರೆ ಒದ್ದೆ ಪ್ಯಾಡಿಂದ ಯಾಕೆ ಎಳೆಯುತ್ತೆ. ಮುಚ್ಚಿ ನೋಡಿ

ಮೋಟಾರ್ ಮಾವ:
ಬಾಗ್ಲಿಂದ ಇಷ್ಟೊಂದು ಆಗಲ್ಲ. ಎಷ್ಟು ಕೆವಿಎಆರ್ ಕೆಪಾಸಿಟರ್ ಹಾಕ್ಸಿದೀಯ ಹೇಳು

ಜರ್ಬೆರಾ ದೊಡ್ಡಬಳ್ಳಾಪುರ:
ಮುಚ್ಚಿ ಎರಡ್ ದಿನ ಆಯ್ತು. ನಿನ್ನೆ ಐದಕ್ಕೇ ಆರು ಫ್ಯಾನ್ ಕಟ್ ಆದ್ವು, ಒಳಗೆ 28. ಈಗ ಹೂ ಕೀಳೋ ಹೆಂಗಸ್ರು ಬಕೆಟ್ ಹೊತ್ಕೊಂಡು ಇಡೀ ಸುತ್ತು ಹಾಕ್ಬೇಕು ಅಂತ ಬೈತಿದಾರೆ. ನೀವೆಲ್ಲ ಬಾಗ್ಲು ಎಲ್ಲಿ ಇಟ್ಟಿದೀರ?

ಹೊಸಕೋಟೆ ರೋಸ್:
ನಮ್ದು ಡಬಲ್ ಡೋರ್, ಒಂದ್ ಮುಚ್ಚದೆ ಇನ್ನೊಂದ್ ತೆಗಿಯಲ್ಲ. ಪ್ಯಾನೆಲ್ ಫೋಟೋನೂ ಹಾಕ್ತೀನಿ ಇರಿ