ಮೇಕೆ-ಕುರಿಗಳ ಜಂತುಹುಳುವಿಗೆ ಗಿಡಮೂಲಿಕೆ: ಗುಂಪಿನಲ್ಲಿ ಬಂದ ಪ್ರಶ್ನೆಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಎರಡು ಮೇಕೆಗಳಿಗೆ ದವಡೆಯ ಕೆಳಗೆ ಊತ ಬಂದಿದೆ, ಮೈ ಇಳಿದಿದೆ, ಜಂತುನಾಶಕದ ಬದಲು ಬೇವಿನ ರಸವನ್ನೋ ಪಪ್ಪಾಯಿ ಬೀಜವನ್ನೋ ಕೊಡಬಹುದೇ ಎಂದು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ವಿಷಯ ಸ್ವಲ್ಪ ಉದ್ದವಾದ್ದರಿಂದ ಧ್ವನಿ ಸಂದೇಶದಲ್ಲೇ ಹೇಳುತ್ತಿದ್ದೇನೆ. ಮೊದಲ ಮಾತು, ಆ ಎರಡು ಮೇಕೆಗಳಿಗೆ ಸೊಪ್ಪಿನ ರಸ ಕೊಟ್ಟು ಕಾಯಬೇಡಿ, ದಯವಿಟ್ಟು ಇಂದೇ ಪಶುವೈದ್ಯರಿಗೆ ತೋರಿಸಿ.

ಅಂಥ ಮೆತ್ತನೆಯ ಊತ ಹೆಚ್ಚಾಗಿ ಬರುವುದು ರಕ್ತ ನಷ್ಟವಾಗಿ ಅದರಲ್ಲಿನ ಪ್ರೋಟೀನ್ ಕುಸಿದಾಗ. ಹೆಮೋಂಕಸ್ ಎಂಬ ಹುಳು ನಾಲ್ಕನೆಯ ಹೊಟ್ಟೆಯ ಒಳಗೋಡೆಯನ್ನು ಕಚ್ಚಿ ರಕ್ತ ಹೀರುತ್ತದೆ. ಒಂದು ಹುಳುವಿನಿಂದ ದಿನಕ್ಕೆ ಹೋಗುವ ರಕ್ತ ಸುಮಾರು 0.05 ಮಿಲಿಲೀಟರ್ ಮಾತ್ರ, ಆದರೆ ಸಾವಿರ ಹುಳುಗಳಿದ್ದರೆ ಅದೇ 50 ಮಿಲಿಲೀಟರ್ ಆಗುತ್ತದೆ. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆಳೆದು, ಬಿಸಿಲಿನ ಬೆಳಕಿನಲ್ಲಿ ಒಳಭಾಗವನ್ನು ನೋಡಿ: ಕೆಂಪಗಿದ್ದರೆ ಸಮಾಧಾನ, ಬಿಳಿಚಿದ್ದರೆ ರಕ್ತಹೀನತೆ ಬಲವಾಗಿದೆ ಎಂದೇ ತಿಳಿಯಬೇಕು.

ಹಾಗೆಂದು ಗಿಡಮರಗಳಲ್ಲಿ ಗುಣವಿಲ್ಲ ಎಂದು ನಾನು ಹೇಳುತ್ತಿಲ್ಲ. ಪಪ್ಪಾಯಿ ಹಾಲಿನಲ್ಲಿರುವ ಕಿಣ್ವಗಳು ಹುಳುವಿನ ಹೊರಪದರವನ್ನೇ ಕರಗಿಸಬಲ್ಲವು. ಮುತ್ತುಗದ ಬೀಜ ಮತ್ತು ವಾಯುವಿಡಂಗ ಆಯುರ್ವೇದದಲ್ಲಿ ಹಿಂದಿನಿಂದಲೂ ಕ್ರಿಮಿಗೆ ಬಳಕೆಯಲ್ಲಿವೆ. ಆದರೆ ಗಾಜಿನ ನಳಿಗೆಯಲ್ಲಿ ಹುಳುವನ್ನು ಕೊಲ್ಲುವ ರಸ, ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಮೇವಿನೊಂದಿಗೆ ಬೆರೆತು, ಹುದುಗಿ, ನಾಲ್ಕನೆಯ ಹೊಟ್ಟೆಗೆ ಬರುವ ಹೊತ್ತಿಗೆ ಶಕ್ತಿ ಕಳೆದುಕೊಂಡಿರಬಹುದು. ಬೇವು, ಬೆಳ್ಳುಳ್ಳಿಗಳ ಪ್ರಯೋಗಗಳ ಫಲ ಒಂದೇ ಸಮನಾಗಿಲ್ಲ. ಹೊಗೆಸೊಪ್ಪಿನ ಕಷಾಯವನ್ನಂತೂ ಕುಡಿಸಲೇಬೇಡಿ, ಅದರ ನಿಕೋಟಿನ್ ಹುಳುವಿಗಿಂತ ಮೊದಲು ಮೇಕೆಯನ್ನೇ ಕೊಂದೀತು.

ನನಗೆ ಹೆಚ್ಚು ನಂಬಿಕೆಯಿರುವುದು ಒಗರು ಸೊಪ್ಪನ್ನು ಔಷಧಿಯಾಗಿ ಕುಡಿಸುವುದರಲ್ಲಲ್ಲ, ಮೇವಾಗಿ ತಿನ್ನಿಸುವುದರಲ್ಲಿ. ಜಾಲಿಯ ಜಾತಿಯ ಮರಗಳ ಸೊಪ್ಪಿನಲ್ಲಿ ಟ್ಯಾನಿನ್ ಎಂಬ ಒಗರಿನ ಅಂಶ ಇರುತ್ತದೆ. ಇಂಥ ಮೇವನ್ನು ಕೆಲವು ವಾರ ಬಿಡದೆ ಕೊಟ್ಟರೆ ಹುಳುಗಳು ಇಡುವ ಮೊಟ್ಟೆ ಕಡಿಮೆಯಾಗಬಹುದು, ಹೊಸ ಮರಿಹುಳುಗಳು ನೆಲೆಯೂರುವುದೂ ತಗ್ಗಬಹುದು. ಇನ್ನೊಂದು ಲಾಭವೂ ಇದೆ: ಮರಿಹುಳುಗಳು ಹೆಚ್ಚಾಗಿರುವುದು ಹುಲ್ಲಿನ ಬುಡದ ಸುಮಾರು 5 ಸೆಂಟಿಮೀಟರ್ ಎತ್ತರದೊಳಗೆ, ಹಾಗಾಗಿ ತಲೆಯೆತ್ತಿ ಸೊಪ್ಪು ಮೇಯುವ ಮೇಕೆಯ ಬಾಯಿಗೆ ಅವು ಸಿಗುವುದೇ ಕಡಿಮೆ. ಆದರೆ ಒಗರು ಅತಿಯಾದರೆ ಪ್ರಾಣಿ ಮೇವನ್ನೇ ಬಿಡುತ್ತದೆ, ಆದ್ದರಿಂದ ಬೇರೆ ಮೇವಿನೊಂದಿಗೆ ಬೆರೆಸಿಯೇ ಕೊಡಿ.

ಕುಂಬಳ ಬೀಜ ಕೊಟ್ಟ ಮೇಲೆ ಹಿಕ್ಕೆಯಲ್ಲಿ ಹುಳು ಬಿತ್ತು ಎಂದು ಗುಂಪಿನಲ್ಲಿ ಒಬ್ಬರು ಬರೆದಿದ್ದರು. ಹಿಕ್ಕೆಯ ಮೇಲೆ ಅಕ್ಕಿಕಾಳಿನಂತೆ ಕಾಣುವ ಬಿಳಿ ತುಣುಕುಗಳು ಲಾಡಿಹುಳುವಿನವು. ಬೆಳೆದ ಪ್ರಾಣಿಗೆ ಅದರಿಂದ ಅಷ್ಟು ಹಾನಿಯಿಲ್ಲ. ರಕ್ತ ಹೀರುವ ಹುಳುವಿನ ಮೊಟ್ಟೆಯಾದರೋ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುತ್ತದೆ. ಆದ್ದರಿಂದ ಯಾವ ಗಿಡವನ್ನೇ ಪ್ರಯೋಗಿಸಿದರೂ, ಕೊಡುವ ದಿನ ಒಮ್ಮೆ, 10ರಿಂದ 14 ದಿನಗಳ ಬಳಿಕ ಇನ್ನೊಮ್ಮೆ, ಅದೇ ಪ್ರಾಣಿಗಳ ತಾಜಾ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆಗಳನ್ನು ಪ್ರಯೋಗಾಲಯದಲ್ಲಿ ಎಣಿಸಿಸಿ. ಏನನ್ನೂ ಕೊಡದ, ಆದರೆ ಕೆಳರೆಪ್ಪೆಯ ಒಳಭಾಗ ಕೆಂಪಗಿರುವ ಕೆಲವು ಪ್ರಾಣಿಗಳ ಹಿಕ್ಕೆಯನ್ನೂ ಜೊತೆಗೆ ಕಳುಹಿಸಿ, ಏಕೆಂದರೆ ಮೊಟ್ಟೆಯ ಸಂಖ್ಯೆ ತಾನಾಗಿಯೂ ಏರಿಳಿಯುತ್ತದೆ. ಈ ನಡುವೆ ಯಾವುದರ ರೆಪ್ಪೆಯಾದರೂ ಬಿಳಿಚಿಕೊಂಡರೆ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿ, ವೈದ್ಯರು ಹೇಳಿದ ಔಷಧಿಯನ್ನು ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಿ.